‘ಹತ್ತು ವರ್ಷ ಹೊಸಿಲು ದಾಟದು’ ಎಂಬ ತೈಚಿ ಮಾತು: ಅನುಭವಸ್ಥರು ಹೇಳಿ

ಪ್ರಶ್ನೆ: ಬೆಂಗಳೂರಿನಲ್ಲಿ ತೈಚಿ ಎಂಬ ಚೀನೀ ಕದನಕಲೆಯನ್ನು ಚೆನ್ ಶೈಲಿಯಲ್ಲಿ ಕಲಿಯುತ್ತಿದ್ದೇನೆ. ‘ತೈಚಿ ಹತ್ತು ವರ್ಷ ಹೊಸಿಲು ದಾಟದು’ (ಹತ್ತು ವರ್ಷ ಕಲಿತರೂ ಹೊರಗೆ ಬಳಸುವಷ್ಟು ಪಳಗದು) ಎಂಬ ಚೀನೀ ಗಾದೆ ಹೇಳಿ ಗುರುಗಳು ಬರೀ ಒಂದೇ ಭಂಗಿಯಲ್ಲಿ ನಿಲ್ಲಿಸುತ್ತಾರೆ. ವಯಸ್ಸು 42, ಎಡಮಂಡಿ ನೋವು. ಇಂಥ ಮಾತುಗಳನ್ನು ಎಷ್ಟು ನಂಬಬೇಕು?

ಸಿಂಗಪುರದ ಕನ್ನಡಿಗ: ನಾನು ಕಲಿತದ್ದು ಶಿಂಗ್‌ಯಿ, ಅದೂ ಒಂದು ಚೀನೀ ಕದನಕಲೆ. ‘ಎಲ್ಲ ವಿದ್ಯೆಯೂ ಸಾಂತಿ ನಿಲುವಿನಿಂದಲೇ’ ಎನ್ನುತ್ತಾರೆ ನಮ್ಮಲ್ಲಿ. ಅದರಲ್ಲಿ ಒಂದು ಕಾಲು ಮುಂದಿಟ್ಟು ನಿಲ್ಲಬೇಕು, ತೂಕದ ಹೆಚ್ಚಿನ ಪಾಲು ಹಿಂಗಾಲಿನ ಮೇಲೆ. ತೊಡೆ ನಡುಗಿ, ಬೆವರು ಹುಬ್ಬಿನಿಂದ ತೊಟ್ಟಿಕ್ಕಿದರೂ ಗುರುಗಳು ಪತ್ರಿಕೆ ಓದುತ್ತಾ ಕುಳಿತಿರುತ್ತಿದ್ದರು. ಜೊತೆಗೆ ಸೇರಿದವರೆಲ್ಲ ಓಡಿದರು, ನಾನು ಉಳಿದೆ. ಈಗಿನವರಿಗೆ ಮೊದಲ ದಿನವೇ ಆಯುಧ ಬೇಕು! ‘ಕೋಲಿಗೆ ತಿಂಗಳು, ಕತ್ತಿಗೆ ವರ್ಷ, ಈಟಿಗೆ ಆಯುಷ್ಯ’ ಎಂದು ಹಿರಿಯರು ಸುಮ್ಮನೆ ಹೇಳಿದರೇ?

ಮಂಡಿಪೀಡಿತ: ನೀವು ಉಳಿದಿರಿ, ಸಂತೋಷ. ನನ್ನ ಬಲಮಂಡಿ ಉಳಿಯಲಿಲ್ಲ. ‘ಕಡುಚಳಿಯಲ್ಲೂ ಅಭ್ಯಾಸ, ಸುಡುಬೇಸಿಗೆಯಲ್ಲೂ ಅಭ್ಯಾಸ’ ಎಂದು ಜ್ವರದಲ್ಲೂ ಕುದುರೆ ನಿಲುವಿನಲ್ಲಿ (ಕಾಲಗಲಿಸಿ, ಮಂಡಿ ಬಾಗಿಸಿ) ನಿಲ್ಲಿಸಿದರು. ಮಂಡಿಯೊಳಗಿನ ಮೆತ್ತೆ, ಅಂದರೆ ಮೆನಿಸ್ಕಸ್, ಹರಿಯಿತು. ಎಂಆರ್‌ಐಗೆ ₹8,500, ಫಿಸಿಯೋಗೆ ಪ್ರತಿ ಸಲ ₹700, ಆಟೋ ಬಾಡಿಗೆ ಬೇರೆ. ಮಂಡಿಪಟ್ಟಿಯ ಅಳತೆ ತಪ್ಪಿ ಇನ್ನೊಂದು ಕೊಳ್ಳಬೇಕಾಯಿತು. ಹೊರರೋಗಿ ವೆಚ್ಚ ಎಂದು ವಿಮೆಯವರು ಕೈ ತೊಳೆದುಕೊಂಡರು. ಚೆನ್ ಶೈಲಿಯ ತವರಾದ, ಚೀನಾದ ಹೆನಾನ್‌ನ ಚೆನ್‌ಜಿಯಾಗೌ ಹಳ್ಳಿಯಲ್ಲಿ ಎಳವೆಯಿಂದ ಪಳಗಿದ ಮೈಗೆ ಒಪ್ಪುವ ಮಾತನ್ನು, ದಿನವಿಡೀ ಕುರ್ಚಿಗೆ ಅಂಟಿಕೊಂಡವನ ಮೇಲೆ ಹೇರಿದರೆ ಇನ್ನೇನಾಗುತ್ತದೆ?

ಸಿಂಗಪುರದ ಕನ್ನಡಿಗ: ಮಂಡಿ ಕಾಲ್ಬೆರಳ ದಿಕ್ಕು ಬಿಟ್ಟು ಒಳಕ್ಕೆ ವಾಲಿರಬೇಕು. ಗಾದೆಯ ಮೇಲೇಕೆ ಗೂಬೆ ಕೂರಿಸುತ್ತೀರಿ?

ಮಂಡಿಪೀಡಿತ: ನೋಡದೆಯೇ ರೋಗ ಹೇಳಲು ನೀವು ಯಾವ ಧನ್ವಂತರಿ ಸ್ವಾಮಿ?

ಹುಬ್ಬಳ್ಳಿಯವನು: ನಿಮ್ಮ ಜಗಳ ಪಕ್ಕಕ್ಕಿರಲಿ. ನನ್ನನ್ನು ಕೆಡಿಸಿದ್ದು ‘ನಾಲ್ಕು ಲಿಯಾಂಗ್‌ನಿಂದ ಸಾವಿರ ಜಿನ್ ತಿರುಗಿಸು’ ಎಂಬ ಮಾತು. ಇಂದಿನ ಚೀನೀ ತೂಕದಲ್ಲಿ 200 ಗ್ರಾಂನಿಂದ 500 ಕಿಲೋ! ಇಬ್ಬರು ಎದುರುಬದುರು ನಿಂತು ಕೈ ತಾಗಿಸಿ ತಳ್ಳುವ ‘ತಳ್ಳುಗೈ’ ಅಭ್ಯಾಸದಲ್ಲಿ ಸಹಪಾಠಿಗಳು ಮೆತ್ತಗೆ ತಳ್ಳುತ್ತಿದ್ದರು, ನಾನೂ ಸೊಗಸಾಗಿ ತಿರುಗಿಸುತ್ತಿದ್ದೆ. ಜೂಡೋ ಕಲಿತ ಹುಡುಗನೊಬ್ಬ ಕೊರಳಪಟ್ಟಿ ಹಿಡಿದದ್ದೇ ತಡ, ನೆಲಕ್ಕೆ ಬಿದ್ದಿದ್ದೆ. ಶಿಷ್ಯಸ್ವೀಕಾರದಂದು ಮಂಡಿಯೂರಿ ಚಹಾ ಅರ್ಪಿಸಿ, ಕೆಂಪು ಲಕೋಟೆಯಲ್ಲಿ ₹25,000 ಕೊಟ್ಟವನು ನಾನು. ಹೋಗಿ ಕೇಳಿದರೆ ಇನ್ನೊಂದು ಗಾದೆ ಸಿಕ್ಕಿತು: ‘ಬಾಗಿಲ ತನಕ ಗುರು, ಮುಂದಿನ ಸಾಧನೆ ನಿನ್ನದು’.

ಜಯನಗರದ ಅಜ್ಜಿ: 1956ರಲ್ಲಿ ಚೀನಾ ಸರ್ಕಾರ ಸಾಮಾನ್ಯ ಜನರಿಗೆಂದೇ ರೂಪಿಸಿದ 24 ಭಂಗಿಗಳನ್ನಷ್ಟೇ ಮಾಡುತ್ತೇನೆ. ಗಾದೆಯೂ ಇಲ್ಲ, ಲಕೋಟೆಯೂ ಇಲ್ಲ.

ಸಿಂಗಪುರದ ಕನ್ನಡಿಗ: ಅದು ವ್ಯಾಯಾಮ ಅಮ್ಮ, ಕದನಕಲೆಯಲ್ಲ.

ಜಯನಗರದ ಅಜ್ಜಿ: ಆಯಿತಪ್ಪ. ನೀನು ಈಟಿ ಹಿಡಿದು ಸಿಂಗಪುರದಲ್ಲಿ ಯಾರನ್ನು ತಿವಿದೆ?

ಮಂಡಿಪೀಡಿತ: ಹುಬ್ಬಳ್ಳಿಯವರೇ, ಆ ₹25,000ಕ್ಕೆ ರಸೀದಿ ಕೊಟ್ಟಿದ್ದರೇ?

ಹುಬ್ಬಳ್ಳಿಯವನು: ಲಕೋಟೆಗೆ ಯಾರು ರಸೀದಿ ಕೊಡುತ್ತಾರೆ ಸ್ವಾಮಿ? ಚಹಾದ ಬಟ್ಟಲೂ ನಾನೇ ಕೊಂಡೊಯ್ದದ್ದು.