ಗಂಜಿ ತಿಳಿ ಬಿದ್ದು ಸುಟ್ಟ ಕಾಲು: ಸಕ್ಕರೆ ಕಾಯಿಲೆಯವರ ಆರೈಕೆ ಹೇಗೆ?

ಪ್ರಶ್ನೆ – ಪೆರ್ಲದಿಂದ ಒಬ್ಬ ಗೃಹಿಣಿ

ನಮಸ್ಕಾರ. ನನ್ನ ಅತ್ತೆಯವರಿಗೆ 68 ವರ್ಷ, ಸಕ್ಕರೆ ಕಾಯಿಲೆಯೂ ಇದೆ. ಕಳೆದ ವಾರ ಕುಚ್ಚಿಲಕ್ಕಿಯ ಅನ್ನ ಬಸಿಯುವಾಗ ಪಾತ್ರೆ ಜಾರಿ ಕುದಿಯುವ ತಿಳಿ ಅವರ ಬಲಪಾದದ ಮೇಲೂ ಹರಡಿನ (ಪಾದದ ಗಂಟಿನ) ಸುತ್ತಲೂ ಬಿತ್ತು. ತಕ್ಷಣ ನಳ್ಳಿಯ ಕೆಳಗೆ ಕಾಲಿಡಿಸಿ ನೀರು ಹರಿಸಿದೆವು. ಮೊಟ್ಟೆಯ ಬಿಳಿ ಹಚ್ಚಿ, ಹಲ್ಲುಜ್ಜುವ ಪೇಸ್ಟ್ ಹಚ್ಚಿ ಎಂದು ಹೇಳಿದವರಿದ್ದರು, ಯಾವುದನ್ನೂ ಹಚ್ಚಲಿಲ್ಲ. ಹತ್ತಿರದ ಕ್ಲಿನಿಕ್ಕಿನಲ್ಲಿ ಗಾಯ ತೊಳೆದು, ಸಿಲ್ವರ್ ಸಲ್ಫಾಡಯಜಿನ್ ಎಂಬ ಬಿಳಿ ಮುಲಾಮು ಕೊಟ್ಟು, ದಿನಕ್ಕೊಮ್ಮೆ ಬಟ್ಟೆ ಬದಲಿಸಲು ಹೇಳಿದ್ದಾರೆ.

ಪಾದದ ಮೇಲಿನ ಗುಳ್ಳೆಗಳು ಒಡೆದು ಅಡಿಯ ಚರ್ಮ ಕೆಂಪಗೆ ಕಾಣುತ್ತಿದೆ, ಮುಟ್ಟಿದರೆ ಉರಿ. ಹರಡಿನ ಬಳಿ ಮಾತ್ರ ಅರ್ಧ ಅಂಗೈಯಷ್ಟು ಜಾಗ ಬಿಳುಚಿಕೊಂಡಿದ್ದು ಅಲ್ಲಿ ನೋವೇ ಇಲ್ಲ. ಅದು ವಾಸಿಯಾಗುತ್ತಿದೆ ಎಂದು ಅತ್ತೆ ನಂಬಿದ್ದಾರೆ. ನಂಜು ಎಂದು ಮೀನು, ಮೊಟ್ಟೆ, ಬದನೆಕಾಯಿ ಎಲ್ಲವನ್ನೂ ಬಿಟ್ಟಿದ್ದಾರೆ. ಮನೆಯಲ್ಲೇ ಕಾಯಬಹುದೇ? ಹಾಗೆಯೇ, ನಮ್ಮಲ್ಲಿ ರಬ್ಬರಿನ ಆಸಿಡ್ಡೂ ಅಡಿಕೆಗೆ ಮದ್ದು ಬಿಡಲು (ಸಿಂಪಡಿಸಲು) ತರುವ ಸುಣ್ಣವೂ ಇರುತ್ತವೆ. ಅವುಗಳಿಂದ ಸುಟ್ಟರೂ ಇದೇ ಪ್ರಥಮ ಚಿಕಿತ್ಸೆಯೇ?

ಉತ್ತರ – ನಿವೃತ್ತ ಶುಶ್ರೂಷಕಿ, ಬದಿಯಡ್ಕ

ದಯವಿಟ್ಟು ಮನೆಯಲ್ಲಿ ಕಾಯಬೇಡಿ. ನೋವಿಲ್ಲದ ಆ ಬಿಳಿ ಜಾಗವನ್ನು ಇವತ್ತೇ ಅಥವಾ ನಾಳೆ ಬೆಳಗ್ಗೆಯೇ ಶಸ್ತ್ರವೈದ್ಯರಿಗೆ ತೋರಿಸಿ. ಚರ್ಮದ ಮೇಲ್ಪದರ ಮಾತ್ರ ಸುಟ್ಟರೆ ಅಲ್ಲಿನ ನರಗಳು ಉಳಿದಿರುವುದರಿಂದ ಉರಿ ಹೆಚ್ಚು. ಸುಟ್ಟದ್ದು ಆಳಕ್ಕಿಳಿದರೆ ನರಗಳೇ ಸತ್ತು ಸ್ಪರ್ಶ ತಿಳಿಯುವುದಿಲ್ಲ. ಅದರ ಮೇಲೆ, ಸಕ್ಕರೆ ಕಾಯಿಲೆಯಿಂದ ಪಾದದ ಸಂವೇದನೆ ಮೊದಲೇ ಮಂದವಾಗಿರಬಹುದು, ರಕ್ತ ಸಂಚಾರವೂ ಕಡಿಮೆಯಾಗಿರಬಹುದು. ಇಂಥವರಲ್ಲಿ ನೋವು ಇಲ್ಲವೆಂಬುದು ಗುಣದ ಲಕ್ಷಣವಲ್ಲ.

ನೀರಿಗಿಂತ ಗಂಜಿ ತಿಳಿ ಹೆಚ್ಚು ಆಳವಾಗಿ ಸುಡುವುದನ್ನು ಕೆಲಸದಲ್ಲಿದ್ದಾಗ ನೋಡಿದ್ದೇನೆ. ನೀರು ಹರಿದು ಹೋಗುತ್ತದೆ, ಪಿಷ್ಟವಿರುವ ತಿಳಿ ಅಂಟಿಕೊಂಡು ಬಿಸಿಯನ್ನು ಅಲ್ಲೇ ಹಿಡಿದಿಡುತ್ತದೆ; ಬೆಲ್ಲದ ಪಾಕವೂ ಹಾಗೆಯೇ. ಬಿಸಿ ಯಾವುದರಿಂದ ತಗಲಿದರೂ ಸುಟ್ಟ ಕೂಡಲೇ ಹರಿಯುವ ತಣ್ಣೀರನ್ನು ಪೂರ್ತಿ 20 ನಿಮಿಷ ಬಿಡಬೇಕೆಂಬ ನಿಯಮವಿದೆ. ಸುಟ್ಟು 3 ಗಂಟೆಗಳೊಳಗೆ ಯಾವಾಗ ಮಾಡಿದರೂ ಇದರಿಂದ ಪ್ರಯೋಜನವಿದೆ, ಹೊತ್ತಾಯಿತೆಂದು ಕೈಬಿಡಬಾರದು. ಮಂಜುಗಡ್ಡೆ ಮಾತ್ರ ಬೇಡ, ಅದು ರಕ್ತನಾಳಗಳನ್ನು ಕುಗ್ಗಿಸಿ ಗಾಯವನ್ನು ಇನ್ನಷ್ಟು ಕೆಡಿಸುತ್ತದೆ. ನೀರು ಹರಿಯುತ್ತಿರುವಾಗಲೇ ಬಳೆ, ಉಂಗುರ, ಕಾಲುಂಗುರ ತೆಗೆಯಬೇಕು. ಬಾವು ಬಂದ ಮೇಲೆ ಅವು ಬರುವುದಿಲ್ಲ. ನೆನೆದ ಬಟ್ಟೆಯನ್ನು ಬಿಡಿಸಿ, ಚರ್ಮಕ್ಕೆ ಅಂಟಿದ ಭಾಗವನ್ನು ಮಾತ್ರ ಎಳೆಯದೆ ಬಿಡಬೇಕು. ಮಕ್ಕಳಿಗೂ ವಯಸ್ಸಾದವರಿಗೂ ಉಳಿದ ಮೈಯನ್ನು ಬೆಚ್ಚಗೆ ಹೊದಿಸಿಡಬೇಕು. ಅನಂತರ ಒಗೆದು ಒಣಗಿಸಿದ ಹತ್ತಿ ಬಟ್ಟೆಯನ್ನು ಸಡಿಲವಾಗಿ ಮುಚ್ಚಿ ಆಸ್ಪತ್ರೆಗೆ ಹೊರಡಬೇಕು. ನೀವು ಏನನ್ನೂ ಹಚ್ಚದೆ ಇದ್ದದ್ದು ಬಹಳ ಒಳ್ಳೆಯದಾಯಿತು. ಮೊಟ್ಟೆಯ ಬಿಳಿಯಿಂದ ಸೋಂಕು ತಗಲಬಹುದು, ಪೇಸ್ಟು, ಅರಸಿನ, ಶಾಯಿ ಇವು ಗಾಯದ ಬಣ್ಣವನ್ನೇ ಮರೆಮಾಡಿ ವೈದ್ಯರಿಗೆ ಆಳ ತಿಳಿಯದಂತೆ ಮಾಡುತ್ತವೆ.

ಬಟ್ಟೆ ಬದಲಿಸುವಾಗ ಹಳೆಯ ಮುಲಾಮನ್ನು ಕುದಿಸಿ ಆರಿಸಿದ ನೀರಿನಿಂದ ಪೂರ್ತಿ ತೊಳೆದ ಮೇಲೆಯೇ ಹೊಸದನ್ನು ಹಚ್ಚಿ. ಈ ಮುಲಾಮು ಕೆಲವು ದಿನಗಳಲ್ಲಿ ಗಾಯದ ಮೇಲೆ ಬಿಳಿಯ ಪೊರೆಯಂತೆ ಕೂರುವುದುಂಟು. ನೀವು ಕಂಡ ಬಿಳುಪು ಅದೇ ಇರಲೂಬಹುದು, ತೊಳೆದು ನೋಡಿಯೇ ವೈದ್ಯರು ನಿರ್ಧರಿಸಬೇಕು. ಸಲ್ಫಾ ಔಷಧಿ ಅತ್ತೆಗೆ ಆಗುವುದಿಲ್ಲವೆಂದಿದ್ದರೆ ಅದನ್ನೂ ತಿಳಿಸಿ. ಕೆಂಪಗಿರುವ ಭಾಗಕ್ಕೆ ಅಂಟದ ಪ್ಯಾರಾಫಿನ್ ಬಟ್ಟೆ ಸಾಕಾಗಬಹುದು. ಬಾಳೆ ಎಲೆ ಕಟ್ಟುವ ಪದ್ಧತಿಯ ಬಗ್ಗೆ ಯಾರಾದರೂ ಹೇಳಿದರೆ, ಆಸ್ಪತ್ರೆಗಳಲ್ಲಿ ಅದನ್ನು ಕ್ರಿಮಿಮುಕ್ತಗೊಳಿಸಿ ಬಳಸಿದ್ದುಂಟು. ತೋಟದಿಂದ ಕೊಯ್ದ ಎಲೆ ಬೇಡ. ಧನುರ್ವಾಯು ಚುಚ್ಚುಮದ್ದು ಆಗಿದೆಯೇ ಎಂದು ಕೇಳಿ. ಕೂತಾಗ ಕಾಲನ್ನು ದಿಂಬಿನ ಮೇಲೆ ಎತ್ತರಿಸಿಡಿ, ಅಂಗಳದಲ್ಲಿ ಬರಿಗಾಲಲ್ಲಿ ನಡೆಯಬಾರದು. ಜ್ವರ, ವಾಸನೆ, ಕೀವು, ಅಥವಾ ಗಾಯದ ಸುತ್ತ ಹರಡುವ ಕೆಂಪು ಕಂಡರೆ ರಾತ್ರಿಯಾದರೂ ಹೊರಡಿ.

ಉತ್ತರ – ಅಡಿಕೆ, ರಬ್ಬರ್ ಕೃಷಿಕ, ಮುಳ್ಳೇರಿಯ

ಅಕ್ಕನವರ ಎರಡನೆಯ ಪ್ರಶ್ನೆಗೆ ನನಗೆ ತಿಳಿದಷ್ಟು ಬರೆಯುತ್ತೇನೆ. ರಬ್ಬರ್ ಹಾಲು ಹೆಪ್ಪುಗಟ್ಟಿಸಲು ತರುವ ಫಾರ್ಮಿಕ್ ಆಸಿಡ್ ಮೈಗೆ ಬಿದ್ದರೆ 20 ನಿಮಿಷ ಸಾಲದು, ಅರ್ಧ ಗಂಟೆಗೂ ಹೆಚ್ಚು ಹೊತ್ತು ಧಾರಾಳ ನೀರು ಬಿಡಬೇಕು. ಸೋಡಾಪುಡಿಯಿಂದಲೋ ಸುಣ್ಣದ ನೀರಿನಿಂದಲೋ ಆಸಿಡ್ಡನ್ನು ಮುರಿಯಲು ಹೋಗಬಾರದು. ಆ ಪ್ರಕ್ರಿಯೆಯಲ್ಲೇ ಬಿಸಿ ಹುಟ್ಟುತ್ತದೆ. ಆಸಿಡ್ ಚರ್ಮದ ಮೂಲಕ ರಕ್ತಕ್ಕೂ ಸೇರುವುದರಿಂದ ಗಾಯ ಸಣ್ಣದಾಗಿ ಕಂಡರೂ ಆಸ್ಪತ್ರೆಗೆ ಹೋಗಲೇಬೇಕು. ಕಲಸುವಾಗ ನೀರಿಗೆ ಆಸಿಡ್ ಹಾಕಬೇಕೇ ಹೊರತು ಆಸಿಡ್ಡಿಗೆ ನೀರು ಹಾಕಬಾರದು.

ಅಡಿಕೆಯ ಕೊಳೆರೋಗಕ್ಕೆ ಬೋರ್ಡೋ ದ್ರಾವಣ (ಮೈಲುತುತ್ತು, ಸುಣ್ಣ ಕಲಸಿದ ಮದ್ದು) ಮಾಡಲು ತರುವ ಸುಟ್ಟ ಸುಣ್ಣದ ಕ್ರಮ ಬೇರೆ. ಅದು ನೀರು ಸೋಕಿದೊಡನೆ ಕುದಿಯುವಂಥದ್ದು. ಒಣ ಪುಡಿ ಮೈಮೇಲೆ ಬಿದ್ದರೆ ಮೊದಲು ಒಣ ಬಟ್ಟೆಯಿಂದ ಕೊಡವಿ, ಆಮೇಲೆ ಬಹಳ ಹೊತ್ತು ನೀರು ಬಿಡಬೇಕು. ಕಣ್ಣಿಗೆ ಆಸಿಡ್ಡಾಗಲಿ ಸುಣ್ಣವಾಗಲಿ ಬಿದ್ದರೆ ರೆಪ್ಪೆಯನ್ನು ಬಿಡಿಸಿ ಹಿಡಿದು ಅರ್ಧ ಗಂಟೆ ತೊಳೆಯಬೇಕು, ತೊಳೆಯುತ್ತಲೇ ವಾಹನಕ್ಕೆ ಹೇಳಿಕಳುಹಿಸಬೇಕು. ಸುಣ್ಣ ಕಣ್ಣಿನೊಳಕ್ಕೆ ಇಳಿಯುತ್ತಲೇ ಹೋಗುವ ವಸ್ತು. ಮದ್ದು ಬಿಡುವ ಸಮಯದಲ್ಲಿ ಕನ್ನಡಕ ಹಾಕದ ಆಳುಗಳನ್ನು ಕಂಡಾಗಲೆಲ್ಲ ನನಗೆ ಹೊಟ್ಟೆ ಉರಿಯುತ್ತದೆ. ಕನ್ನಡಕ ತಂದುಕೊಡುವುದು ತೋಟದ ಯಜಮಾನರ ಹೊಣೆ.

ಪ್ರಶ್ನೆ ಕೇಳಿದವರು

ಎಲ್ಲರಿಗೂ ಕೃತಜ್ಞತೆಗಳು. ಅತ್ತೆಯವರನ್ನು ಮಂಗಳೂರಿಗೆ ಕರೆದುಕೊಂಡು ಹೋಗಿದ್ದೆವು. ಮುಲಾಮಿನ ಪೊರೆಯನ್ನು ತೊಳೆದ ಮೇಲೂ ಹರಡಿನ ಜಾಗ ಬಿಳಿಯಾಗಿಯೇ ಉಳಿಯಿತು. ಅದು ಆಳವಾದ ಗಾಯ, ತೊಡೆಯ ಚರ್ಮ ತೆಗೆದು ಅಲ್ಲಿಗೆ ಹಾಕಬೇಕಾಗಬಹುದು ಎಂದಿದ್ದಾರೆ. ಪಾದದ ಭಾಗ ತಾನಾಗಿ ಮಾಯುತ್ತದಂತೆ. ಅಷ್ಟು ಸಣ್ಣ ಜಾಗಕ್ಕೆ ಶಸ್ತ್ರಚಿಕಿತ್ಸೆ ಏಕೆ ಎಂದು ಅತ್ತೆ ಹಿಂಜರಿಯುತ್ತಿದ್ದಾರೆ. ಊಟದ ವಿಚಾರದಲ್ಲಿಯೂ ನನ್ನ ಮಾತು ನಡೆಯುತ್ತಿಲ್ಲ.

ಉತ್ತರ – ಫಿಸಿಯೋಥೆರಪಿಸ್ಟ್, ಕುಂಬಳೆ

ಅಮ್ಮನವರಿಗೆ ಹೀಗೆ ಹೇಳಿ ನೋಡಿ. ಸುಮಾರು 3 ವಾರಗಳೊಳಗೆ ಮಾಯದ ಸುಟ್ಟ ಗಾಯ ದಪ್ಪಗೆ, ಉಬ್ಬಿದ ಕಲೆಯಾಗುವ ಸಾಧ್ಯತೆ ಹೆಚ್ಚು. ಅದು ಹರಡಿನ ಮೇಲಿದ್ದರೆ ಚರ್ಮ ಬಿಗಿದು ಪಾದ ಮಡಚುವುದೇ ಕಷ್ಟವಾಗುತ್ತದೆ, ಮೆಟ್ಟಿಲು ಇಳಿಯುವುದಕ್ಕೂ ತೊಡಕಾಗುತ್ತದೆ. ಜಾಗ ಸಣ್ಣದು ನಿಜ, ಆದರೆ ಅದು ಗಂಟಿನ ಮೇಲಿದೆ. ಬೇಗ ಚರ್ಮ ಹಾಕಿದರೆ ಈ ಬಿಗಿತ ಬಹುಮಟ್ಟಿಗೆ ತಪ್ಪುತ್ತದೆ. ಶಸ್ತ್ರಚಿಕಿತ್ಸೆಯಾದ ಮೇಲೆ ವೈದ್ಯರು ಹೇಳುವ ತನಕ ಕಾಲನ್ನು ಅಲುಗಿಸದೆ ಇರಿಸಿ, ಅನುಮತಿ ಸಿಕ್ಕ ದಿನದಿಂದಲೇ ಪಾದವನ್ನು ಮೇಲಕ್ಕೂ ಕೆಳಕ್ಕೂ ಮಡಚುವ ವ್ಯಾಯಾಮ ಮಾಡಿಸಬೇಕು.

ಗಾಯ ಪೂರ್ತಿ ಮುಚ್ಚಿದ ಮೇಲೆ ಹೊಸ ಚರ್ಮ ಒಣಗಿ ತುರಿಸುತ್ತದೆ, ಏಕೆಂದರೆ ಎಣ್ಣೆಯಂಶ ಕೊಡುವ ಗ್ರಂಥಿಗಳು ಅಲ್ಲಿ ನಷ್ಟವಾಗಿರುತ್ತವೆ. ಆಗ ಶುದ್ಧ ತೆಂಗಿನೆಣ್ಣೆಯನ್ನು ಹಚ್ಚಿ ಮೆಲ್ಲಗೆ ತಿಕ್ಕಬಹುದು, ಮುಚ್ಚದ ಗಾಯಕ್ಕೆ ಮಾತ್ರ ಬೇಡ. ಬಿಸಿಲು ಬಿದ್ದರೆ ಆ ಚರ್ಮ ಬೇಗ ಕಪ್ಪಾಗುವುದರಿಂದ ಹೊರಗೆ ಹೋಗುವಾಗ ಮುಚ್ಚಿಕೊಳ್ಳಲಿ. ಕಲೆ ಉಬ್ಬುವ ಸೂಚನೆ ಕಂಡರೆ ಸಿಲಿಕೋನ್ ಹಾಳೆ ಅಥವಾ ಬಿಗಿ ಕಾಲುಚೀಲದ ಬಗ್ಗೆ ಕೇಳಿ. ಕಲೆ ಮೆತ್ತಗಾಗಲು ಒಂದರಿಂದ ಎರಡು ವರ್ಷ ಹಿಡಿಯುವುದುಂಟು.

ಉತ್ತರ – ನಿವೃತ್ತ ಶುಶ್ರೂಷಕಿ, ಬದಿಯಡ್ಕ

ಊಟದ ಬಗ್ಗೆ ಒಂದು ಮಾತು. ಹೊಸ ಚರ್ಮ ಕಟ್ಟಲು ದೇಹಕ್ಕೆ ಪ್ರೋಟೀನು ಬೇಕು, ನಂಜೆಂದು ಬಿಡುವ ಮೀನು ಮತ್ತು ಮೊಟ್ಟೆಯಲ್ಲೇ ಅದು ಹೆಚ್ಚಾಗಿದೆ. ಗಂಜಿ, ಉಪ್ಪಿನಕಾಯಿ ಮಾತ್ರ ಉಣ್ಣುತ್ತಾ ಹೋದರೆ ಗಾಯ ಮಾಯುವುದು ತಡವಾಗುತ್ತದೆ, ಸಕ್ಕರೆಯೂ ಏರುತ್ತದೆ. ಹಿರಿಯರ ಮನಸ್ಸು ನೋಯಿಸಿ ಬಲವಂತ ಮಾಡಬೇಡಿ. ಮೀನು ಬೇಡವೆಂದರೆ ಹೆಸರುಕಾಳು, ಕಡಲೆ, ಮೊಸರು ಕೊಡಿ, ನೆಲ್ಲಿಕಾಯಿಯ ತಂಬುಳಿ ಮಾಡಿಕೊಡಿ. ಸುಟ್ಟ ಗಾಯದ ಒತ್ತಡದಿಂದ ಸಕ್ಕರೆಯ ಪ್ರಮಾಣ ತಾನಾಗಿಯೇ ಏರುವುದುಂಟು. ಆದುದರಿಂದ ಶಸ್ತ್ರಚಿಕಿತ್ಸೆಯ ತನಕ ದಿನವೂ ಪರೀಕ್ಷಿಸಿ, ಆ ಅಂಕಿಗಳನ್ನು ಬರೆದಿಟ್ಟು ಮುಂದಿನ ಭೇಟಿಯಲ್ಲಿ ವೈದ್ಯರಿಗೆ ತೋರಿಸಿ.