ಅಪ್ಪನ ಹಳೆ ಕ್ಯಾಸೆಟ್: ಲ್ಯಾಪ್‌ಟಾಪ್‌ಗೆ ಹಾಕಿದರೆ ದನಿ ಮಂಕು, ಮೇಲೆ ಗುಂಯ್ ಸದ್ದು

ಗದಗದಿಂದ ಪ್ರಶ್ನೆ:

ಎಲ್ಲರಿಗೂ ನಮಸ್ಕಾರ. ವೀರೇಶ್ವರ ಪುಣ್ಯಾಶ್ರಮದಲ್ಲಿ ಸಂಗೀತ ಇದ್ದರೆ ಅಪ್ಪ ಟೇಪ್ ರೆಕಾರ್ಡರ್ ತಗೊಂಡೇ ಹೋಗುತ್ತಿದ್ದರು. ಆ ಕ್ಯಾಸೆಟ್‌ಗಳ ಜೊತೆ ಧಾರವಾಡ ಆಕಾಶವಾಣಿಯಿಂದ ರೆಕಾರ್ಡ್ ಮಾಡಿದವೂ ಇವೆ. ಟೇಪಿನ ಇಯರ್‌ಫೋನ್ ತೂತಿನಿಂದ ಲ್ಯಾಪ್‌ಟಾಪಿನ ಮೈಕ್ ತೂತಿಗೆ ವೈರ್ ಹಾಕಿ ಆಡಾಸಿಟಿ ಅನ್ನುವ ರೆಕಾರ್ಡಿಂಗ್ ಸಾಫ್ಟ್‌ವೇರಿನಲ್ಲಿ ತುಂಬಿಸುತ್ತಿದ್ದೇನೆ. ದನಿ ಕಂಬಳಿ ಹೊದ್ದು ಹಾಡಿದ ಹಾಗಿದೆ. ಗುಂಯ್ ಅನ್ನುವ ಸದ್ದು ಬೇರೆ. ತಾನ್ ಜೋರಾದರೆ ಒಡೆಯುತ್ತದೆ. ನಾಯ್ಸ್ ರಿಡಕ್ಷನ್ ಹಾಕಿದರೆ ತಂಬೂರಿಯೇ ಮಾಯ. ಏನು ಮಾಡಲಿ?

ಧಾರವಾಡದಿಂದ ಉತ್ತರ:

ನಮಸ್ಕಾರ್ರಿ. ನಾಯ್ಸ್ ರಿಡಕ್ಷನ್ ಸದ್ಯ ಬಿಟ್ಟುಬಿಡಿ. ತಂಬೂರಿ ಒಂದೇ ಸಮ ನುಡಿಯುತ್ತದಲ್ವಾ, ಸಾಫ್ಟ್‌ವೇರ್ ಅದನ್ನೂ ಗದ್ದಲ ಅಂತಲೇ ತೆಗೆಯುತ್ತದೆ. ಟೇಪಿನಿಂದ ದನಿ ಸರಿಯಾಗಿ ಹೊರಗೆ ಬರಬೇಕು, ಅದೇ ಮುಖ್ಯ.

ಒಡೆಯುವುದು ಮೈಕ್ ತೂತಿನಿಂದ. ಅದು ತೀರಾ ಸಣ್ಣ ಸಿಗ್ನಲ್‌ಗೆ ಮಾಡಿದ್ದು, ಹೆಚ್ಚಾಗಿ ಮೋನೋ, ಅಂದರೆ ಒಂದೇ ಚಾನೆಲ್. ಸ್ಟೀರಿಯೋ ಲೈನ್ ಇನ್ (ಟೇಪಿನಂಥ ಜೋರು ಸಿಗ್ನಲ್‌ಗೆ ಮಾಡಿದ ತೂತು) ಇರುವ ಯುಎಸ್‌ಬಿ ಸೌಂಡ್ ಕಾರ್ಡ್ ತಗೊಳ್ಳಿ. ಅಗ್ಗದ ಕೆಲವದರಲ್ಲಿ ಬರೀ ಮೈಕ್ ಇರುತ್ತದೆ, ನೋಡಿ ಕೊಳ್ಳಿ. ಅತಿ ಜೋರಾದ ಕಡೆಯೂ ಆಡಾಸಿಟಿಯ ಮೀಟರ್ -6 ಡಿಬಿ ದಾಟಬಾರದು. ಗುಂಯ್ ಸದ್ದಿಗೆ ಲ್ಯಾಪ್‌ಟಾಪಿನ ಚಾರ್ಜರ್ ಕಿತ್ತು, ಟೇಪನ್ನು ಸೆಲ್ ಮೇಲೆ ಓಡಿಸಿ.

ಇನ್ನು ಮಂಕು. ಎಲ್ಲ ಕ್ಯಾಸೆಟ್ಟೂ ಹಾಗೇನಾ? ರೇಡಿಯೋದವು ಮಂಕಾಗಿದ್ದರೆ ಚಿಂತೆ ಬೇಡ. ಮೀಡಿಯಂ ವೇವ್‌ನಲ್ಲಿ ತೀಕ್ಷ್ಣ ಸ್ವರ ಬರುವುದೇ ಕಡಿಮೆ.

ಗದಗ:

ಚಾರ್ಜರ್ ಕಿತ್ತ ಕೂಡಲೇ ಗುಂಯ್ ಬಹುಪಾಲು ಹೋಯಿತು ಸರ್! ಆದರೆ ಆಶ್ರಮದವೇ ಜಾಸ್ತಿ ಮಂಕು.

ಧಾರವಾಡ:

ಹಾಗಾದರೆ ಹೆಡ್ಡಿನ (ಟೇಪಿನಿಂದ ದನಿ ಓದುವ ಭಾಗದ) ಕೋನ ತಪ್ಪಿರಬಹುದು. ಮೊದಲು ಹೆಡ್ ಮತ್ತು ಟೇಪನ್ನು ಎಳೆಯುವ ಕ್ಯಾಪ್‌ಸ್ಟನ್ ಕಂಬಿಯನ್ನು ಐಸೊಪ್ರೊಪೈಲ್ ಆಲ್ಕೋಹಾಲ್ ಹಚ್ಚಿದ ಹತ್ತಿಯಿಂದ ಒರೆಸಿ. ಕಂದು ಮಸಿ ಬರುವುದು ನಿಲ್ಲಬೇಕು. ಆಮೇಲೆ ಹೆಡ್ಡಿನ ಎರಡು ಸ್ಕ್ರೂಗಳಲ್ಲಿ ಸ್ಪ್ರಿಂಗ್ ಇರುವುದನ್ನು ಹುಡುಕಿ. ಈಗ ಇರುವ ಜಾಗಕ್ಕೆ ಗುರುತು ಹಾಕಿ. ಕ್ಯಾಸೆಟ್ ಓಡುತ್ತಿರುವಾಗಲೇ ಆ ಸ್ಕ್ರೂವನ್ನು ಕೂದಲೆಳೆಯಷ್ಟು ಆಚೀಚೆ ತಿರುಗಿಸಿ. 'ಸ', 'ಶ' ಅಕ್ಷರಗಳನ್ನು, ತಬಲಾದ ಕಿನಾರ್ (ಅಂಚಿನ) ಪೆಟ್ಟನ್ನು ಕೇಳಿ. ಯಾವ ಜಾಗದಲ್ಲಿ ಅವು ತೆರೆದುಕೊಳ್ಳುತ್ತವೋ ಅಲ್ಲಿ ನಿಲ್ಲಿಸಿ. ಬೇರೆ ಮಷಿನ್ನಿನಲ್ಲಿ ರೆಕಾರ್ಡ್ ಆದ ಕ್ಯಾಸೆಟ್‌ಗೆ ಕೋನವೂ ಬೇರೆ. ಹಾಗಾಗಿ ಪ್ರತಿ ಕ್ಯಾಸೆಟ್‌ಗೂ ಇದನ್ನು ಮಾಡಬೇಕು. ಬೇಜಾರಿನ ಕೆಲಸ, ಆದರೆ ಇಷ್ಟು ಫಲ ಕೊಡುವುದು ಬೇರೊಂದಿಲ್ಲ.

ಗದಗ:

ದನಿ ಬಿಚ್ಚಿಕೊಂಡಿತು! ತಂಬೂರಿ ಕೇಳುತ್ತಿದೆ. ಆದರೆ ಹಾರ್ಮೋನಿಯಂ ಹಿಡಿದು ನೋಡಿದರೆ ಷಡ್ಜ (ಹಾಡುಗಾರರ ಆಧಾರ ಸ್ವರ 'ಸ') ಕರಿ ಒಂದು ಮತ್ತು ಬಿಳಿ ಎರಡು ಅನ್ನುವ ಅಕ್ಕಪಕ್ಕದ ಮನೆಗಳ ನಡುವೆ ನಿಲ್ಲುತ್ತದೆ.

ಧಾರವಾಡ:

ಬರೀ ತಂಬೂರಿ ಇದ್ದರೆ ನಡುವಿನ ಶ್ರುತಿ ಇರಬಹುದು. ಸಾಥ್‌ಗೆ ಹಾರ್ಮೋನಿಯಂ ಇದ್ದರೆ ಷಡ್ಜ ಯಾವುದಾದರೂ ಮನೆಯ ಮೇಲೆ ಕೂರಬೇಕು. ಅಕ್ಕಪಕ್ಕದ ಎರಡು ಮನೆಗಳ ಕಂಪನದ ಅಂತರ ಸುಮಾರು ಶೇ. 6. ನಿಮ್ಮದು ಅರ್ಧ, ಅಂದರೆ ವೇಗ ಶೇ. 3ರಷ್ಟು ತಪ್ಪಿರಬಹುದು. ವೇಗ ಹೆಚ್ಚೋ ಕಡಿಮೆಯೋ ಅಂತ ತಿಳಿಯಲು ಉಳಿದ ಗುಂಯ್ ಸದ್ದೇ ಸಾಕ್ಷಿ. ಟೇಪ್, ಲ್ಯಾಪ್‌ಟಾಪ್ ಎರಡೂ ಬ್ಯಾಟರಿ ಮೇಲೆ ಓಡಿದಾಗಲೂ ಉಳಿಯುವುದು ಹೆಚ್ಚಾಗಿ ಅಂದಿನ ಸಭೆಯ ಕರೆಂಟಿನದು, ಅದು 50 ಹರ್ಟ್ಸ್ ಸುತ್ತ ಇರಬೇಕು. ಆಡಾಸಿಟಿಯ ಪ್ಲಾಟ್ ಸ್ಪೆಕ್ಟ್ರಮ್‌ನಲ್ಲಿ (ಯಾವ ಕಂಪನ ಎಷ್ಟಿದೆ ಅಂತ ತೋರಿಸುವ ನಕ್ಷೆ) ಸೈಜ್ 65536 ಇಟ್ಟು ನೋಡಿ. 51.5 ತೋರಿಸಿದರೆ ಟೇಪ್ ಬೇಗ ಓಡುತ್ತಿದೆ. ಅಂದಿನ ಕರೆಂಟ್ ಕೂಡ ಸ್ವಲ್ಪ ಏರಿಳಿಯುತ್ತಿತ್ತು, ಕೊನೆಯ ತೀರ್ಪು ಹಾರ್ಮೋನಿಯಂನದೇ. ತಿದ್ದುವಾಗ ಸ್ಪೀಡ್ ಬದಲಿಸಿ. ಬರೀ ಪಿಚ್ ಬದಲಿಸಿದರೆ ಲಯ ತಪ್ಪಾಗಿಯೇ ಉಳಿಯುತ್ತದೆ.

ಹಾವೇರಿಯಿಂದ:

ನಡುವೆ ಬಂದೆ. ಟೇಪಿನ ಮೇಲೆ ಬಿಳಿ ಬೂಷ್ಟು ಕಂಡರೆ ಓಡಿಸಬೇಡಿ, ಹೆಡ್ಡಿನಿಂದ ಬೇರೆ ಕ್ಯಾಸೆಟ್‌ಗೂ ಹತ್ತುತ್ತದೆ. ಒಳಗಿನ ಫೆಲ್ಟ್ ತುಂಡು ಉದುರಿದ್ದರೂ ದನಿ ಮಂಕಾಗುತ್ತದೆ. ಆಗ ಸುರುಳಿಯನ್ನು ಸ್ಕ್ರೂ ಇರುವ ಬೇರೆ ಕ್ಯಾಸೆಟ್ ಚಿಪ್ಪಿಗೆ ದಾಟಿಸಿ.

ಗದಗ:

ಒಂದಿಷ್ಟು 78ರ ಗ್ರಾಮಫೋನ್ ಪ್ಲೇಟ್‌ಗಳೂ ಇವೆ. ಅವನ್ನೂ ಆಲ್ಕೋಹಾಲಿನಲ್ಲೇ ಒರೆಸಲೇ?

ಧಾರವಾಡ:

ಖಂಡಿತಾ ಬೇಡ! ಅವು ಅರಗಿನವು, ಆಲ್ಕೋಹಾಲ್‌ಗೆ ಕರಗುತ್ತವೆ. ಡಿಸ್ಟಿಲ್ಡ್ ವಾಟರ್, ಮೆತ್ತನೆ ಬಟ್ಟೆ, ಲೇಬಲ್ ನೆನೆಯದ ಹಾಗೆ. ಎಲ್‌ಪಿ ಮುಳ್ಳಿನಿಂದಲೂ ನುಡಿಸಬೇಡಿ. ಅದು 78ರ ಅಗಲ ಗೆರೆಯ ತಳಕ್ಕೆ ಹೋಗಿ ಕರಕರ ಅನ್ನುತ್ತದೆ, 3 ಮಿಲ್ (ಇಂಚಿನ ಸಾವಿರದ ಮೂರು ಭಾಗ) ಮುಳ್ಳು ಬೇಕು. ಅದು ಸಿಗುವವರೆಗೆ ಪ್ಲೇಟ್‌ಗಳನ್ನು ನೆಟ್ಟಗೆ ನಿಲ್ಲಿಸಿಡಿ, ಕ್ಯಾಸೆಟ್ ಮುಗಿಸಿ. ಫೈಲ್ ದನಿಯ ಗುಣ ಕಳೆಯದ ವೇವ್ ಅಥವಾ ಫ್ಲಾಕ್ ನಮೂನೆಯಲ್ಲಿರಲಿ.