ನೇಪಾಳ ಸೇನೆಯ ‘ರಥಿ’: ಕನ್ನಡದಲ್ಲಿ ಹೇಗೆ ಬರೆಯೋಣ?

ಎಲ್ಲರಿಗೂ ನಮಸ್ಕಾರ. ನೇಪಾಳದ ಸೇನೆಯ ಬಗ್ಗೆ ಒಂದು ಬರಹ ಕನ್ನಡಕ್ಕೆ ತರ್ತಾ ಇದ್ದೇನೆ. ಅದರಲ್ಲಿ ಅಧಿಕಾರಿಗಳ ಹೆಸರಿಗೆ ಮೊದಲು ‘ರಥಿ’ ಅಂತ ಬರುತ್ತದೆ. ಇದನ್ನು ಹಾಗೇ ಬಿಡೋದಾ, ‘ಲೆಫ್ಟಿನೆಂಟ್ ಜನರಲ್’ ಅಂತ ಮಾಡೋದಾ ಅನ್ನೋದು ನನ್ನ ಪ್ರಶ್ನೆ.

ಹಿನ್ನೆಲೆ ಇಷ್ಟು. ನಮ್ಮ ಸೇನೆ ಇಂಗ್ಲಿಷ್ ಹುದ್ದೆಗಳ ಹೆಸರನ್ನೇ ಉಳಿಸಿಕೊಂಡಿದೆ. ನೇಪಾಳದವರು ತಮ್ಮ ಭಾಷೆಯಲ್ಲಿ ಇಟ್ಟುಕೊಂಡಿದ್ದಾರೆ. ಅಲ್ಲಿ ಸೇನೆಯ ಮುಖ್ಯಸ್ಥರು ಮಹಾರಥಿ, ಅಂದ್ರೆ ಜನರಲ್. ಅವರ ಕೆಳಗೆ ರಥಿ, ಇದು ಲೆಫ್ಟಿನೆಂಟ್ ಜನರಲ್‌ಗೆ ಸಮ. ಆಮೇಲೆ ಉಪರಥಿ, ಅಂದ್ರೆ ಮೇಜರ್ ಜನರಲ್. ಅದಕ್ಕೂ ಕೆಳಗೆ ಸಹಾಯಕ ರಥಿ, ಬ್ರಿಗೇಡಿಯರ್ ಜನರಲ್. ರಥದ ಲೆಕ್ಕ ಅಲ್ಲಿಗೆ ಮುಗಿಯಿತು, ಮುಂದೆಲ್ಲ ಸೇನಾನಿಗಳು.

ತೊಡಕು ಶುರುವಾಗೋದು ಈ ಪದಗಳು ನಮಗೆ ಮೊದಲೇ ಗೊತ್ತಿರೋದ್ರಿಂದ. ಗೊತ್ತಿಲ್ಲದ ಪದವಾಗಿದ್ದರೆ ಓದುಗರು ‘ಏನೋ ಹುದ್ದೆ ಇರಬೇಕು’ ಅಂತ ಮುಂದೆ ಹೋಗ್ತಿದ್ದರು. ‘ಮಹಾರಥಿ ಅಶೋಕ್ ರಾಜ್ ಸಿಗ್ದೆಲ್’ ಅಂತ ಬರೆದರೆ ಕನ್ನಡದವರಿಗೆ ಅದು ಹೊಗಳಿಕೆ ಥರ ಕೇಳುತ್ತದೆ. ನಮ್ಮಲ್ಲಿ ‘ಅತಿರಥ ಮಹಾರಥರು’ ಅನ್ನೋದು ಚುನಾವಣೆಯಲ್ಲಿ ಮಣ್ಣು ಮುಕ್ಕಿದವರ ಪಟ್ಟಿ ಕೊಡುವಾಗ ಬರೋ ಮಾತು, ಅಲ್ವಾ? ಇನ್ನು ‘ಉಪರಥಿ’. ಉಪಮುಖ್ಯಮಂತ್ರಿ, ಉಪಕುಲಪತಿ ಅಂತ ಓದಿ ಓದಿ ‘ಉಪ’ ಅಂದ್ರೆ ಇನ್ನೊಬ್ಬರ ಕೈಕೆಳಗೆ ಅವರ ಕೆಲಸಕ್ಕೇ ಇರೋರು ಅಂತ ನಮಗೆ ಅಭ್ಯಾಸ. ಹಾಗಾಗಿ ಉಪರಥಿ ಅಂದ್ರೆ ಯಾರೋ ಒಬ್ಬ ರಥಿಯ ಸಹಾಯಕ ಅನ್ನಿಸಿಬಿಡುತ್ತದೆ. ಅದು ಬರೀ ಒಂದು ಮೆಟ್ಟಿಲು ಕೆಳಗಿನ ಹುದ್ದೆ, ಅಷ್ಟೇ.

ಎಲ್ಲಕ್ಕಿಂತ ಜಾಸ್ತಿ ಕಾಡೋದು ‘ಸೇನಾನಿ’. ಕೊಡಗಿನ ಸಮಾರಂಭಗಳಲ್ಲಿ ಜನರಲ್ ತಿಮ್ಮಯ್ಯನವರನ್ನು ‘ವೀರಸೇನಾನಿ’ ಅನ್ನದೆ ಭಾಷಣ ಶುರುವಾಗೋದೇ ಇಲ್ಲ. ಕಾರ್ಯಪ್ಪನವರನ್ನು ‘ಮಹಾಸೇನಾನಿ’ ಅಂತ ಬರೆದವರೂ ಇದ್ದಾರೆ. ನೇಪಾಳದಲ್ಲಿ ಸೇನಾನಿ ಅಂದ್ರೆ ಮೇಜರ್, ಮಹಾಸೇನಾನಿ ಅಂದ್ರೆ ಕರ್ನಲ್! ನಮ್ಮ ಫೀಲ್ಡ್ ಮಾರ್ಷಲ್‌ಗೆ ಅಲ್ಲಿ ಎಷ್ಟು ಮೆಟ್ಟಿಲು ಇಳಿತ ನೋಡಿ. ತಮಾಷೆ ಅಂದ್ರೆ 1950ರಲ್ಲಿ ನೇಪಾಳ ತನ್ನ ಸೇನೆಯ ಗೌರವ ಮಹಾರಥಿ ಪದವಿಯನ್ನು ಮೊದಲು ಕೊಟ್ಟಿದ್ದೇ ಕಾರ್ಯಪ್ಪನವರಿಗೆ. ಆ ಸಂಪ್ರದಾಯ ಈಗಲೂ ನಡೀತಿದೆ. 2024ರ ನವೆಂಬರ್‌ನಲ್ಲಿ ಆಗ ನಮ್ಮ ಸೇನೆಯ ಮುಖ್ಯಸ್ಥರಾಗಿದ್ದ ಉಪೇಂದ್ರ ದ್ವಿವೇದಿ ಕಠ್ಮಂಡುವಿನಲ್ಲಿ ಅದನ್ನು ಪಡೆದರು, ಮುಂದಿನ ತಿಂಗಳು ಸಿಗ್ದೆಲ್ ದೆಹಲಿಗೆ ಬಂದು ಭಾರತೀಯ ಸೇನೆಯ ಗೌರವ ಜನರಲ್ ಆದರು. ಅಂದ್ರೆ ಈ ಎರಡು ಹೆಸರು ಒಂದೇ ತೂಕದವು ಅಂತ ಎರಡೂ ದೇಶದವರೇ ಒಪ್ಪಿಕೊಂಡ ಹಾಗಾಯಿತು.

ಹೆಸರುಗಳನ್ನು ಅವರು ಸುಮ್ನೆ ಆರಿಸಿಕೊಂಡಿಲ್ಲ. ಸೇನೆಯ ತುಕಡಿಗಳ ಹೆಸರು ನೋಡಿ: ಗುಲ್ಮ ಅಂದ್ರೆ ಕಂಪನಿ, ಗಣ ಬೆಟಾಲಿಯನ್, ವಾಹಿನಿ ಬ್ರಿಗೇಡ್, ಪೃತನಾ ಡಿವಿಷನ್. ಮಹಾಭಾರತದಲ್ಲಿ ಅಕ್ಷೌಹಿಣಿ ಲೆಕ್ಕ ಕೊಡುವಾಗ ಇದೇ ನಾಲ್ಕು, ಇದೇ ಕ್ರಮದಲ್ಲಿ ಬರುತ್ತವೆ. ಗುಲ್ಮಕ್ಕೆ 9 ರಥ, ಗಣಕ್ಕೆ 27, ವಾಹಿನಿಗೆ 81, ಪೃತನೆಗೆ 243. ನಾವು ಮಾತ್ರ ವಾಹಿನಿಯನ್ನು ಟಿವಿ ಚಾನೆಲ್ಲಿಗೆ ಕೊಟ್ಟು ಕೂತಿದ್ದೇವೆ. ಇನ್ನೊಂದು ಇದೆ, ಅಮಲ್ದಾರ್. ಹಳೇ ಮೈಸೂರಿನಲ್ಲಿ ಅಮಲ್ದಾರ್ ಬಂದ್ರು ಅಂದ್ರೆ ಇಡೀ ತಾಲೂಕೇ ಎದ್ದು ನಿಲ್ಲುತ್ತಿತ್ತು, ನೇಪಾಳ ಸೇನೆಯಲ್ಲಿ ಅದು ಕಾರ್ಪೊರಲ್ ಹುದ್ದೆ.

ಇನ್ನು ವ್ಯಾಕರಣದ ಮಾತು. ಸಂಸ್ಕೃತದಲ್ಲಿ ‘ಮಹಾರಥ’ ಅಂದ್ರೇನೇ ದೊಡ್ಡ ರಥ ಉಳ್ಳವನು. ಅದಕ್ಕೆ ಮತ್ತೆ ‘ಇ’ ಹಚ್ಚೋ ಅಗತ್ಯ ಇಲ್ಲ, ಕನ್ನಡದಲ್ಲಿ ನಾವು ಹಚ್ಚಿದ್ದೂ ಕಡಿಮೆ. ಹಿಂದಿ, ನೇಪಾಳಿಯಲ್ಲಿ ‘ಮಹಾರಥಿ’ಯೇ ಬಳಕೆ. ಹಾಗಂತ ಹುದ್ದೆಯ ಹೆಸರನ್ನು ನಾವು ತಿದ್ದಿ ‘ಮಹಾರಥ’ ಮಾಡೋದು ಅಧಿಕಪ್ರಸಂಗ ಆಗುತ್ತದೆ. ಬರೀ ‘ರಥಿ’ಗೆ ಈ ಗೋಜಿಲ್ಲ, ರಥ ಉಳ್ಳವನು ರಥಿ, ಸರಿಯಾಗಿಯೇ ಇದೆ. ಅಂದ ಹಾಗೆ ಸಾಮಾನ್ಯವಾಗಿ ಹೇಳೋ ಶ್ಲೋಕದ ಪ್ರಕಾರ ಹತ್ತು ಸಾವಿರ ಬಿಲ್ಲುಗಾರರ ಜೊತೆ ಒಬ್ಬನೇ ಕಾದೋನು ಮಹಾರಥ, ಲೆಕ್ಕವಿಲ್ಲದಷ್ಟು ಜನರ ಜೊತೆ ಕಾದೋನು ಅತಿರಥ. ಆ ಲೆಕ್ಕದಲ್ಲಿ ಮಹಾರಥಿಗಿಂತ ಮೇಲೆ ಇನ್ನೊಂದು ಜಾಗ ಖಾಲಿ ಇದೆ.

ನನಗೆ ಸರಿ ಅನ್ನಿಸಿದ್ದು ಹೀಗೆ: ಹೆಸರು ಮೊದಲ ಸಲ ಬಂದಾಗ ‘ಲೆಫ್ಟಿನೆಂಟ್ ಜನರಲ್ ದರ್ಜೆಯ ರಥಿ’ ಅಂತ ಬರೆದು, ಆಮೇಲೆ ಬರೀ ‘ರಥಿ’ ಅಂತ ಮುಂದುವರಿಸೋದು. ಪೂರ್ತಿ ಇಂಗ್ಲಿಷ್ ಮಾಡಿದರೆ ಅವರು ಹೆಮ್ಮೆಯಿಂದ ಇಟ್ಟುಕೊಂಡ ಹೆಸರನ್ನು ನಾವು ಅಳಿಸಿದ ಹಾಗೆ. ಏನೂ ವಿವರಿಸದೆ ಬಿಟ್ಟರೆ ಓದುಗರು ಕುರುಕ್ಷೇತ್ರಕ್ಕೆ ಹೋಗಿಬಿಡ್ತಾರೆ. ‘ಸೇನಾನಿ’ ಬಂದ ಕಡೆ ಮಾತ್ರ ಪ್ರತಿ ಸಲವೂ ‘ಮೇಜರ್’ ಅಂತಲೇ ಹಾಕ್ತೇನೆ, ಅಲ್ಲಿ ಗೊಂದಲ ತಪ್ಪಿದ್ದಲ್ಲ.

ಈಗ ಬಲ್ಲವರಿಗೆ ಎರಡು ಪ್ರಶ್ನೆ. ಬಹುವಚನ ‘ರಥಿಗಳು’ ಅನ್ನೋದಾ, ‘ರಥಿಯವರು’ ಅನ್ನೋದಾ? ನನ್ನ ಕಿವಿಗೆ ಮೊದಲನೆಯದು ಹಿತ. ಎರಡನೆಯದು, ‘ರಥಿಕ’ ಬಿಟ್ಟು ಬರೀ ‘ರಥಿ’ ಹಳಗನ್ನಡ ಕಾವ್ಯದಲ್ಲಿ ಎಲ್ಲಾದರೂ ಸಿಕ್ಕಿದ್ದರೆ ದಯವಿಟ್ಟು ಪದ್ಯವನ್ನೇ ಇಲ್ಲಿ ಹಾಕಿ.